ಮಾಲೀಕರ ಮನೆಯ ನೀರು

1999ರ ಜನವರಿ 18, ಸೋಮವಾರ ಸಂಜೆ 7.40ಕ್ಕೆ ಹಮಾಲರ ಸಂಘದ ಕಾರ್ಯದರ್ಶಿ ಜಂಬುಲಿಂಗಪ್ಪ ಚಳ್ಳಕೆರೆ ಠಾಣೆಗೆ ಓಡಿಬಂದ. ಹಿಂದೆಯೇ ನಲವತ್ತು ಜನ ಹಮಾಲರು ಬಂದು ಅಂಗಳದಲ್ಲಿ ನಿಂತರು. ದಿನವಿಡೀ ಶೇಂಗಾ ಮೂಟೆ ಹೊತ್ತು, ಮಾತಿಗೆ ಮಾತು ಸೇರಿಸಿ ಬೀದಿಯನ್ನೇ ಎಬ್ಬಿಸುವ ಜನ ಅವರು. ಈಗ ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದರು.

"ನಮ್ಮ ಅಧ್ಯಕ್ಷರಿಗೆ ಹೊಡೆದವ್ರೆ ಸಾರ್. ತಲೆ ಒಡೆದೈತೆ."

ಸರ್ಕಲ್ ಇನ್ಸ್‌ಪೆಕ್ಟರ್ ಚಿಕ್ಕಬಸಪ್ಪ ಪೆನ್ನು ತೆಗೆದರು. "ಯಾರು ಹೊಡೆದದ್ದು?"

"ಮಾಲೀಕರ ಕಡೆಯೋರು. ಇನ್ಯಾರು ಹೊಡೀತಾರೆ?"

"ನೋಡಿದವರು?"

"ದೊಡ್ಡಪಾಲಯ್ಯ ಜೊತೆಗಿದ್ದ. ಹೊಟ್ಟಿನ ರಾಶಿ ಹಿಂದಿಂದ ಇಬ್ರು ಬಂದು ಹೊಡೆದು ಓಡಿದ್ರಂತೆ. ಕತ್ಲಾಗೆ ಮಕ ಕಾಣ್ಲಿಲ್ಲವಂತೆ."

ಕೊಲೆ ಯತ್ನದ ಕಲಂ 307ರ ಅಡಿ ಎಫ್‌ಐಆರ್ ದಾಖಲಾಯಿತು. ಹಿನ್ನೆಲೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಎಣ್ಣೆ ಮಿಲ್ಲುಗಳ ಮಾಲೀಕರಿಗೂ ಹಮಾಲರಿಗೂ ಮೂರು ವರ್ಷಕ್ಕೊಮ್ಮೆ ಕೂಲಿ ಒಪ್ಪಂದವಾಗುತ್ತದೆ. ಈ ಸಲ ಮಾತುಕತೆ ಮೂರು ವಾರದಿಂದ ಎಳೆದಾಡುತ್ತಿತ್ತು. ಮಾಲೀಕರ ಕಡೆಯಿಂದ ಮಾತಾಡುತ್ತಿದ್ದವರು ಸಿದ್ದಲಿಂಗೇಶ್. ಕೂರುತ್ತಿದ್ದದ್ದು ಅವರ ಮನೆಯ ಪಡಸಾಲೆಯಲ್ಲೇ. ಹಮಾಲರ ಕಡೆಯಿಂದ ಹದಿನೆಂಟು ವರ್ಷಗಳಿಂದ ಒಬ್ಬರೇ, ಅಧ್ಯಕ್ಷ ತಿಪ್ಪೇರುದ್ರಪ್ಪ.

ಅವರೇ ಮಾಡಿದ ಒಂದು ಕಟ್ಟಳೆ ಸಂಘದಲ್ಲಿತ್ತು. ಒಪ್ಪಂದಕ್ಕೆ ಸಹಿ ಬೀಳುವತನಕ ಮಾಲೀಕರ ಮನೆಯ ನೀರನ್ನೂ ಮುಟ್ಟಬಾರದು. ಹಿಂದಿದ್ದ ಮುಖಂಡನೊಬ್ಬ ಮಾಲೀಕರ ಜೊತೆ ಹೋಳಿಗೆ ಊಟ ಮಾಡಿ, ಎದ್ದು ಬರುವಾಗ ಹಳೇ ದರಕ್ಕೇ ಸಹಿ ಹಾಕಿ ಬಂದಿದ್ದನಂತೆ. ಅಂದಿನಿಂದ ಅಧ್ಯಕ್ಷರು ಮಾತುಕತೆಗೆ ಹೊರಟರೆ ಹಿರಿಯ ಹಮಾಲ ದೊಡ್ಡಪಾಲಯ್ಯ ಹಿತ್ತಾಳೆ ಬಿಂದಿಗೆಯಲ್ಲಿ ನೀರು ಹೊತ್ತು ಹಿಂದೆ ನಡೆಯುತ್ತಿದ್ದ. ಗೇಟಿನ ಹೊರಗೆ ಕೂರುತ್ತಿದ್ದ. ಬಾಯಾರಿದರೆ ಅಧ್ಯಕ್ಷರು ಎದ್ದು ಅಲ್ಲಿಗೇ ಬಂದು ಕುಡಿಯಬೇಕು. ಪೇಟೆಯ ಕೆಲವರು ನಗುತ್ತಿದ್ದರು. ಹಮಾಲರಿಗೆ ಮಾತ್ರ ಆ ಬಿಂದಿಗೆ ಕಂಡರೆ ಹೊಟ್ಟೆ ತಣ್ಣಗಾಗುತ್ತಿತ್ತು.

8.15ಕ್ಕೆ ಚಿಕ್ಕಬಸಪ್ಪ ಹೆಡ್ ಕಾನ್‌ಸ್ಟೆಬಲ್ ಯರ್ರಪ್ಪನೊಂದಿಗೆ ಆಸ್ಪತ್ರೆ ತಲುಪಿದರು. ತಿಪ್ಪೇರುದ್ರಪ್ಪ ಕಣ್ಣು ಬಿಟ್ಟಿದ್ದರು.

"ಯಾರು ಹೊಡೆದರು?"

"ಯಾರೂ ಇಲ್ಲ ಸಾರ್. ಜಾರಿ ಬಿದ್ದೆ."

"ಇಬ್ಬರು ಬಂದರಂತಲ್ಲ?"

"ಬಿದ್ದೆ ಅಂದ್ನಲ್ಲ ಸಾರ್. ಹಂಗೇ ಬರ್ಕಳ್ರಿ."

ಡಾಕ್ಟರು ಹೊರಗೆ ಕರೆದು ಹೇಳಿದರು: ಪೆಟ್ಟು ಬಿದ್ದಿರುವುದು ನೆತ್ತಿಯ ಹಿಂಭಾಗಕ್ಕೆ. ಭಾರವಾದ, ದುಂಡನೆಯ ವಸ್ತು. ದೊಣ್ಣೆಯಲ್ಲ, ಕಲ್ಲೂ ಅಲ್ಲ. ಅಂಗಿ ಬೆನ್ನಿನ ಕಡೆ ನೀರಿನಿಂದ ಪೂರ್ತಿ ಒದ್ದೆ, ಎದೆಯ ಕಡೆ ಒಣಗಿತ್ತು. ಒಂಬತ್ತಕ್ಕೆ ದಾವಣಗೆರೆಗೆ ಸಾಗಿಸಿದರು. ಬೆಳಗಿನ 5.10ಕ್ಕೆ ತಿಪ್ಪೇರುದ್ರಪ್ಪ ತೀರಿಕೊಂಡರು. 307 ಅಳಿದು ಕೊಲೆಯ ಕಲಂ 302 ಆಯಿತು.

ಸುದ್ದಿ ಬಂದಾಗ ಯರ್ರಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಸಾಯೋ ಮನುಷ್ಯ ಸುಳ್ಳು ಹೇಳಿದ್ನಲ್ಲ ಸಾರ್, ಯಾಕೆ?"

"ಮಾಲೀಕರ ಕಡೆಯವರು ಹೊಡೆದಿದ್ದರೆ ಸುಳ್ಳು ಹೇಳೋ ಮನುಷ್ಯನಾ ಅವರು?" ಎಂದರು ಚಿಕ್ಕಬಸಪ್ಪ. ಹಾಗೆಂದ ಮೇಲೆ ಆ ಮಾತಿನ ಅರ್ಥ ಅವರಿಗೇ ಹೊಳೆಯಿತು: ಹೊಡೆದವನು ಹಮಾಲರಲ್ಲೇ ಒಬ್ಬ.

19ನೇ ತಾರೀಖು ಬೆಳಿಗ್ಗೆ 6.45ಕ್ಕೆ ಸಿದ್ದಲಿಂಗೇಶರ ಮಿಲ್ಲಿನ ಹಿಂದಿನ ಓಣಿಯಲ್ಲಿ ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಎರಡು ಕಡೆ ಶೇಂಗಾ ಹೊಟ್ಟಿನ ರಾಶಿ. ರಕ್ತದ ಕಲೆಯ ಸುತ್ತ ಮಾರುದ್ದದ ಜಾಗದಲ್ಲಿ ಹೊಟ್ಟು ನೆನೆದು ಮಣ್ಣಿಗೆ ಅಂಟಿತ್ತು. ಮಳೆ ಬಿದ್ದು ಎರಡು ತಿಂಗಳಾಗಿತ್ತು. ಬಿದ್ದವರ ಬಾಯಿಗೆ ನೀರು ಹಾಕಿದೆ ಎಂದು ದೊಡ್ಡಪಾಲಯ್ಯ ಹಿಂದಿನ ದಿನ ಹೇಳಿಕೆ ಕೊಟ್ಟಿದ್ದ. ಬಾಯಿಗೆ ಹಾಕಿದ ನೀರು ಬೆನ್ನಿಗೆ ಹೇಗೆ ಹೋಯಿತು ಎಂದು ಅವನನ್ನು ಕೇಳಬೇಕಿತ್ತು.

"ಎಲ್ಲಿದಾನೆ ಅವನು?"

"ಹೆಂಡ್ತಿನ ಕರ್ಕೊಂಡು ಮಣ್ಣಿಗೆ ಬರ್ತೀನಿ ಅಂತ ಮೊದಲ ಬಸ್ಸಿಗೇ ಕೊಂಡ್ಲಹಳ್ಳಿಗೆ ಹೋದ ಸಾರ್" ಎಂದ ಜಂಬುಲಿಂಗಪ್ಪ.

ಎಂಟು ಗಂಟೆಗೆ ಸಿದ್ದಲಿಂಗೇಶರ ಮನೆಯ ಮುಂದೆ ಮುನ್ನೂರು ಜನ ಸೇರಿದ್ದರು. ಶವದ ಮೆರವಣಿಗೆ ಮಧ್ಯಾಹ್ನ ಮೂರಕ್ಕೆ, ಇದೇ ರಸ್ತೆಯಲ್ಲಿ. ಸೀಮೆಎಣ್ಣೆ ಡಬ್ಬಿಗಳೂ ಬಂದಿವೆ ಎಂದು ಯರ್ರಪ್ಪ ಕಿವಿಯಲ್ಲಿ ಹೇಳಿದ. ಅಷ್ಟರೊಳಗೆ ಕೊಲೆಗಾರ ಸಿಗದಿದ್ದರೆ ಈ ಮನೆ, ಒಳಗಿರುವ ಹೆಂಗಸರು ಮಕ್ಕಳು ಉಳಿಯುವುದಿಲ್ಲ. ಇರುವ ಹನ್ನೊಂದು ಜನ ಪೊಲೀಸರು ಏನು ಮಾಡಿಯಾರು?

ಒಳಗೆ ಹೋದಾಗ ಸಿದ್ದಲಿಂಗೇಶ್ ಎದ್ದು ಬಂದರು. "ನಾನ್ಯಾಕೆ ಹೊಡೆಸ್ಲಿ ಸಾರ್? ನಿನ್ನೆ ಎಲ್ಲಾ ಷರತ್ತಿಗೂ ಒಪ್ಪಿಬಿಟ್ಟಿದ್ದೆ. ನಾಡಿದ್ದು ಸಹಿ ಅಂತ ಆಗಿತ್ತು."

"ಹೊರಗೆ ಯಾರಿಗೂ ಗೊತ್ತಿಲ್ಲವಲ್ಲ?"

"ಆಫೀಸಿಗೆ ಹೋಗಿ ಎಲ್ಲರಿಗೂ ಒಟ್ಟಿಗೇ ಹೇಳ್ತೀನಿ ಅಂದ್ರು. ಹೋಗೋಕೆ ಆಗಲೇ ಇಲ್ಲವಲ್ಲ."

"ನಿನ್ನೆ ಮಾತುಕತೆ ಎಂದಿನಂತೆಯೇ ನಡೀತಾ?"

ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿ ಸರ್ವಮಂಗಳ ಉತ್ತರ ಕೊಟ್ಟರು. "ಆರು ಗಂಟೆಗೆ ಅವರಿಗೆ ಬವಳಿ ಬಂತು ಸಾರ್. ಮೈಯೆಲ್ಲಾ ಬೆವರು, ಕೈ ನಡುಗ್ತಿತ್ತು. ಸಕ್ಕರೆ ಕಾಯಿಲೆ ಐತಂತೆ, ಎರಡು ವರ್ಷದಿಂದ. ಗುಳಿಗೆ ನುಂಗಿ ಊಟ ಬಿಟ್ಟಿದ್ರಂತೆ. ಗೇಟಿನತ್ರ ಇರೋನ್ನ ಕರೀತೀನಿ ಅಂದೆ. ಬ್ಯಾಡ ತಾಯಿ ಅಂದ್ರು. ನಾನು ಕಾಯಿಲೆ ಮನುಷ್ಯ ಅಂತ ಗೊತ್ತಾದ್ರೆ ನಮ್ಮೋರು ಎದೆಗೆಡ್ತಾರೆ ಅಂದ್ರು. ನಾನೇ ಒಂದು ಲೋಟ ಸಕ್ಕರೆ ನೀರು ಕೊಟ್ಟೆ."

"ಎಲ್ಲಿ ಕೂತು ಕುಡಿದರು?"

"ಇದೇ ಪಡಸಾಲೆಯಾಗೆ."

ಚಿಕ್ಕಬಸಪ್ಪ ಪಡಸಾಲೆಯ ಬೆಂಚಿನ ಮೇಲೆ ಕೂತು ನೋಡಿದರು. ಗೇಟಿನ ಸರಳುಗಳ ಆಚೆ, ದೊಡ್ಡಪಾಲಯ್ಯ ಕೂರುತ್ತಿದ್ದ ಕಟ್ಟೆ ನೆಟ್ಟಗೆ ಕಾಣುತ್ತಿತ್ತು. ಎದ್ದು ಜೀಪಿನ ಕಡೆ ನಡೆದರು.

ತಳಕು ದಾಟಿ ಕೊಂಡ್ಲಹಳ್ಳಿ ಮುಟ್ಟಿದಾಗ 10.20. ದೊಡ್ಡಪಾಲಯ್ಯ ಮನೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದ. ಐವತ್ತೇಳರ ಆಳು, ಬೆನ್ನು ಆಗಲೇ ಬಾಗಿತ್ತು. ಜೀಪು ಕಂಡು ಎದ್ದು ನಿಂತ, ಓಡಲಿಲ್ಲ.

"ಏಮೈಂದಿ ಸಾರ್?" ಎಂದು ತೆಲುಗಿನಲ್ಲಿ ಏನಾಯಿತೆಂದು ಕೇಳುತ್ತಾ ಅವನ ಹೆಂಡತಿ ಸೂರಮ್ಮ ಹೊರಗೆ ಬಂದಳು. ಯರ್ರಪ್ಪ ತೆಲುಗಿನಲ್ಲೇ ಬಿಂದಿಗೆ ತರಲು ಹೇಳಿದ. ಹುಣಸೆಹಣ್ಣು ಹಾಕಿ ಉಜ್ಜಿದ ಬಿಂದಿಗೆ ಫಳಫಳ ಹೊಳೆಯುತ್ತಿತ್ತು. ಹೊಟ್ಟೆಯ ಭಾಗ ಮಾತ್ರ ಅಂಗೈಯಗಲ ತಗ್ಗಾಗಿತ್ತು.

"ಇದು ಯಾವಾಗ ತಗ್ಗಾಯಿತು?"

ದೊಡ್ಡಪಾಲಯ್ಯ ಬಿಂದಿಗೆಯನ್ನು ನೋಡಿದ. "ನಿನ್ನೆ. ನಾನೇ ಹೊಡ್ದಿದ್ದು ಸಾರ್."

ಇಷ್ಟು ಬೇಗ, ಇಷ್ಟು ಸಲೀಸಾಗಿ ಈ ಮಾತು ಬರುತ್ತದೆಂದು ಚಿಕ್ಕಬಸಪ್ಪನವರೂ ಎಣಿಸಿರಲಿಲ್ಲ.

"ಯಾಕೆ?"

"ನನ್ನ ನೀರು ಗೇಟಿನಾಗೆ ಇತ್ತು. ಅವ್ರು ಆವಮ್ಮನ ಕೈಲಿ ಲೋಟ ಇಸ್ಕಂಡು ಕುಡಿದ್ರು. ಸಿದ್ದಲಿಂಗೇಶಪ್ಪ ಬೆನ್ನ ಮ್ಯಾಲೆ ಕೈ ಇಟ್ಟಿದ್ದ. ಮಾರ್ಕಂಬಿಟ್ರು ನಮ್ಮನ್ನ ಅಂದ್ಕಂಡೆ. ಓಣಿಯಾಗೆ ನಡೀತಾ ನಡೀತಾ 'ಎಲ್ಲಾ ಮುಗೀತು ಕಣೋ ಪಾಲಯ್ಯ' ಅಂದ್ರು, ನಗ್ತಾ. ಹೊತ್ತಿದ್ದ ಬಿಂದಿಗೆ ಎತ್ತಿ ಹಾಕಿಬಿಟ್ಟೆ."

ಚಿಕ್ಕಬಸಪ್ಪ ಸಕ್ಕರೆ ಕಾಯಿಲೆಯ ವಿಷಯ ಹೇಳಿದರು. ದೊಡ್ಡಪಾಲಯ್ಯ ಅರ್ಥವಾಗದವನಂತೆ ಯರ್ರಪ್ಪನ ಮುಖ ನೋಡಿದ. ಯರ್ರಪ್ಪ ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದ. ದೊಡ್ಡಪಾಲಯ್ಯ ಎರಡೂ ಕೈಯಿಂದ ತಲೆ ತಲೆ ಚಚ್ಚಿಕೊಳ್ಳತೊಡಗಿದ. ಇಬ್ಬರು ಕಾನ್‌ಸ್ಟೆಬಲ್‌ಗಳು ಹಿಡಿದುಕೊಳ್ಳಬೇಕಾಯಿತು. ಬಿಂದಿಗೆಯನ್ನು ಪಂಚನಾಮೆ ಮೂಲಕ ವಶಪಡಿಸಿಕೊಂಡು, 11.40ಕ್ಕೆ ದಸ್ತಗಿರಿ ಬರೆದರು.

ಚಳ್ಳಕೆರೆಯಲ್ಲಿ ಹಮಾಲರು ನಂಬಲಿಲ್ಲ. ಮಾಲೀಕರು ಪೊಲೀಸರನ್ನೂ ಕೊಂಡುಕೊಂಡರು ಎಂಬ ಕೂಗೆದ್ದಿತು. ಠಾಣೆಯ ಕಿಟಕಿಗೆ ಕಲ್ಲು ಬಿತ್ತು. ಕಾನೂನು ಒಪ್ಪುತ್ತದೋ ಇಲ್ಲವೋ, ಚಿಕ್ಕಬಸಪ್ಪ ಆರೋಪಿಯನ್ನು ವರಾಂಡಕ್ಕೆ ತಂದು ನಿಲ್ಲಿಸಿದರು.

"ನಾನೇ ಕಣ್ರಪ್ಪಾ" ಎಂದ ದೊಡ್ಡಪಾಲಯ್ಯ. "ಯಾರಿಗೂ ಏನೂ ಮಾಡಬ್ಯಾಡ್ರಿ."

ಜಂಬುಲಿಂಗಪ್ಪ ಮೆಟ್ಟಿಲು ಹತ್ತಿ ಅವನ ಎದೆಯಂಗಿ ಹಿಡಿದ. "ಲೇ, ಒಂದು ಮಾತು ಕೇಳಬಾರದಿತ್ತೇನಲೇ ಅವರನ್ನ?"

"ಹದಿನೆಂಟು ವರ್ಷದಾಗೆ ನೀನು ಒಂದಿನ ಕೇಳಿದ್ದೀಯೇನಲೇ ಜಂಬುಲಿಂಗ? ನಾವು ಯಾರಾದ್ರೂ ಕೇಳೀವಾ? ಹೆಂಗೆ ಕೇಳಬೇಕು ಅಂತ್ಲೇ ನನಗೆ ಗೊತ್ತಿರ್ಲಿಲ್ಲ."

ಜಂಬುಲಿಂಗಪ್ಪನ ಕೈ ಸಡಿಲವಾಯಿತು. ಮೂರು ಗಂಟೆಗೆ ಮೆರವಣಿಗೆ ಹೊರಟಿತು. ಸಿದ್ದಲಿಂಗೇಶರ ಮನೆಯ ಮುಂದೆ ಯಾರೂ ಕತ್ತೆತ್ತಿ ನೋಡಲಿಲ್ಲ.

ಜನವರಿ 30ರಂದು ಬೆಳಿಗ್ಗೆ ಸಂಘದ ಆಫೀಸಿನ ಮುಂದೆ ಒಪ್ಪಂದದ ಕರಡನ್ನು ಓದಿದರು. ಬಂದೋಬಸ್ತಿಗೆಂದು ಚಿಕ್ಕಬಸಪ್ಪನವರೂ ಬಂದು ಕೂತಿದ್ದರು. ಹಿಂದೆಲ್ಲಾ ಐದು ನಿಮಿಷದಲ್ಲಿ ಮುಗಿಯುತ್ತಿದ್ದ ಓದು ಅಂದು ಮಧ್ಯಾಹ್ನವಾದರೂ ಮುಗಿಯಲಿಲ್ಲ. ಒಂದೊಂದು ಷರತ್ತಿಗೂ ಯಾರಾದರೊಬ್ಬರು ಎದ್ದು ನಿಂತು ಇದೇನು, ಇದ್ಯಾಕೆ ಎಂದು ಕೇಳುತ್ತಿದ್ದರು. ಕೇಳಿ ಅಭ್ಯಾಸವಿಲ್ಲದ ದನಿಗಳು, ಅರ್ಧಕ್ಕೇ ತೊದಲುತ್ತಿದ್ದವು. ಜಂಬುಲಿಂಗಪ್ಪ ಬೇಸರಪಡದೆ ಉತ್ತರ ಹೇಳುತ್ತಾ ಕೊನೆಯ ಷರತ್ತಿಗೆ ಬಂದ. ಐವತ್ತೈದು ದಾಟಿದ ಹಮಾಲನಿಗೆ ಮೂಟೆ ಹೊರಿಸಬಾರದು. ಅದೇ ಕೂಲಿಗೆ ತೂಕದ ಕಟ್ಟೆಯ ಬಳಿ ಕೂತು ಮಾಡುವ ಕೆಲಸ ಕೊಡಬೇಕು.

"ಇದು ಯಾರು ಕೇಳಿದ್ದು? ನಾವು ಬರೆಸಿರಲಿಲ್ಲವಲ್ಲ" ಎಂದ ಒಬ್ಬ.

"ಅಧ್ಯಕ್ಷರೇ ಸೇರಿಸಿದ್ರಂತೆ. ಕೊನೇ ದಿನ ಇದೊಂದಕ್ಕೇ ಎರಡು ಗಂಟೆ ಹಟ ಹಿಡಿದು ಕೂತಿದ್ರಂತೆ."

"ಐವತ್ತೈದು ದಾಟಿದೋರು ನಮ್ಮಾಗೆ ಯಾರು ಅದಾರೆ?"

ಜಂಬುಲಿಂಗಪ್ಪ ಕಾಗದ ಮಡಿಸಿದ.

"ಒಬ್ಬನೇ. ಪಾಲಯ್ಯ."