ಒಂದು ಮಾತು ಕೇಳಬೇಕಿತ್ತು

“ನಿಮ್ಮ ಕಂಪ್ಯೂಟರ್‌ಗೆ ಕಿವಿ ಅದಾವೇನ್ರಿ, ಮೇಡಂ?”

ಮುಂಬಯಿಯ ಜೋಗೇಶ್ವರಿಯ ಬಾಟಲಿ ಕಾರ್ಖಾನೆಯಲ್ಲಿ ಫಿಟ್ಟರ್ ಗುರುಬಸವ ಮೊದಲ ದಿನವೇ ಹೀಗೆ ಕೇಳಿದಾಗ ಶಿವಕುಮಾರಿಗೆ ಮೈಯೆಲ್ಲ ಉರಿದಿತ್ತು. ಅವನು ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಯಂತ್ರದ ಸದ್ದು ಕೇಳುವವನು. ಅವಳು ಅದೇ ಕಂಪ್ರೆಸರಿನ ‘ಡಿಜಿಟಲ್ ಟ್ವಿನ್’ ನೋಡಿಕೊಳ್ಳುವವಳು. ಅಂದರೆ ಕಂಪ್ಯೂಟರಿನೊಳಗಿನ ಅವಳಿ; ಯಂತ್ರ ಎಷ್ಟು ನಡುಗಬೇಕು, ಎಷ್ಟು ಬಿಸಿಯಾಗಬೇಕು ಎಂದು ಮೊದಲೇ ಹೇಳುವಂಥದ್ದು.

ಜಗಳದಿಂದ ಶುರುವಾದದ್ದು ಅರ್ಧ ಗ್ಲಾಸಿನ ಕಟಿಂಗ್ ಚಹಾಕ್ಕೆ ಬಂತು. ಅವನು ಧಾರವಾಡದ ಹುಡುಗ, ಅವಳು ಆಂಟಾಪ್ ಹಿಲ್‌ನಲ್ಲಿ ಬೆಳೆದ ವಿಜಯಪುರದವರ ಮಗಳು... ಮನಸ್ಸು ಯಾವಾಗ ಜಾರಿತೋ ಆ ಪುಣ್ಯಾತ್ಗಿತ್ತಿಗೇ ಗೊತ್ತಿಲ್ಲ! ಬಾಯಿಬಿಟ್ಟು ಮಾತ್ರ ಇಬ್ಬರೂ ಹೇಳಿರಲಿಲ್ಲ.

ದಸರೆ ಮುಗಿದ ವಾರವೇ ಎಡವಟ್ಟಾಯಿತು. ಅವಳಿ ಹೇಳುವುದಕ್ಕೂ ಯಂತ್ರದ ನಡುಕಕ್ಕೂ ತಾಳೆಯಾಗಲಿಲ್ಲ. ದುರಸ್ತಿ ಪುಸ್ತಕದಲ್ಲಿ ಏನೂ ಬರೆದಿರಲಿಲ್ಲ. ಫಿಟ್ಟರ್ ಯಂತ್ರವನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಶಿವಕುಮಾರಿ ವರದಿ ಕಳಿಸಿಬಿಟ್ಟಳು.

ನಾಳೆಯಿಂದ ಬರಬೇಡ ಎಂದು ಅವನಿಗೆ ಹೇಳಿದ ಮ್ಯಾನೇಜರ್ ಅಮೋಲ್. ವರದಿಯ ಕೆಳಗಿದ್ದ ಹೆಸರು ನೋಡಿದ ಗುರುಬಸವ ತುಟಿ ಪಿಟಕ್ಕೆನ್ನಲಿಲ್ಲ.

ಆ ಮೌನ ಅವಳನ್ನು ಕೂರಗೊಡಲಿಲ್ಲ, ನಿಲ್ಲಗೊಡಲಿಲ್ಲ. ಮರುದಿನ ಲೋಕಲ್ ರೈಲಿನಲ್ಲಿ ಇಳಿಯುವ ಸ್ಟೇಷನ್ ಮರೆತು ಬೋರಿವಲಿವರೆಗೆ ಹೋಗಿಬಿಟ್ಟಳು. ‘ತಪ್ಪು ಮಾಡಿದ್ದರೆ ಒಪ್ಪಿಕೊಳ್ಳುತ್ತಿದ್ದ... ಮಾಡಿಲ್ಲದಿದ್ದರೆ ಯಾಕೆ ಸುಮ್ಮನಿದ್ದಾನೆ?’

ಕಾರ್ಖಾನೆಗೆ ಬಂದವಳೇ ಕಂಪ್ರೆಸರ್ ನಿಲ್ಲಿಸಿ, ಮುಚ್ಚಳ ಬಿಚ್ಚಿಸಿದಳು. ಒಳಗೆ ಹೊಚ್ಚಹೊಸ ಬೇರಿಂಗ್!

ಅದನ್ನು ಬಿಚ್ಚಿದ ಹಿರಿಯ ಕೆಲಸಗಾರ ಕಾಶಪ್ಪ ಕಾಕಾನೇ ವಿಷಯ ಹೇಳಿದ. ಖಂಡೇನವಮಿಯಂದು ಆಯುಧಪೂಜೆಗೆಂದು ಯಂತ್ರ ತೊಳೆದು ಒರೆಸುವಾಗ ಸವೆದ ಬೇರಿಂಗನ್ನು ಗುರುಬಸವನೇ ಬದಲಿಸಿದ್ದ. ಬರೆಯೋಣವೆಂದರೆ ಪುಸ್ತಕ ಆಗಲೇ ಪೂಜೆಗೆ ಕೂತಿತ್ತು. ಪೂಜೆಗಿಟ್ಟ ಪುಸ್ತಕವನ್ನು ಯಾರು ಮುಟ್ಟುತ್ತಾರೆ? ಆಮೇಲೆ ಮರೆತೇಹೋಯಿತು.

ಆ ಪುಸ್ತಕಕ್ಕೆ ಕುಂಕುಮ ಹಚ್ಚಿ ಇಟ್ಟವಳು ಶಿವಕುಮಾರಿಯೇ. ಮೂರು ತಿಂಗಳಿಗೊಮ್ಮೆ ಯಂತ್ರವನ್ನು ಅಳೆದು ಅವಳಿಯನ್ನು ತಿದ್ದಬೇಕಾದವಳೂ ಅವಳೇ. ಒಂಬತ್ತು ತಿಂಗಳಿಂದ ತಿದ್ದಿರಲಿಲ್ಲ. ಹೊಸ ಬೇರಿಂಗಿನಿಂದ ಯಂತ್ರದ ನಡುಕ ಇಳಿದಿತ್ತು, ಅವಳಿ ಇನ್ನೂ ಹಳೆಯದನ್ನೇ ನಂಬಿಕೊಂಡಿತ್ತು.

ತಪ್ಪು ತನ್ನದೆಂದು ಆಫೀಸಿಗೆ ಬರೆದು ಕಳಿಸಿದಳು. ಅಮೋಲ್ ಗೊಣಗುತ್ತಲೇ ಗುರುಬಸವನನ್ನು ಮತ್ತೆ ಕರೆಯಲು ಒಪ್ಪಿದ. ಆ ಸುದ್ದಿ ಹೊತ್ತು ಅವಳು ಅವನ ಚಾಳಿನ ಕೋಣೆಗೆ ಓಡಿದಳು. ಅವನು ಊರಿಗೆ ಹೊರಡಲು ಬ್ಯಾಗು ತುಂಬುತ್ತಿದ್ದ.

“ಕೆಲಸ ಹೋದ್ರ ಇನ್ನೊಂದ ಸಿಗತೈತ್ರಿ, ಮೇಡಂ. ನನ್ನ ಒಂದ ಮಾತ ಕೇಳಲಿಲ್ಲಲ್ಲ ನೀವು... ಅದು ಚುಚ್ಚಿತು.”

ಅವಳ ಕಣ್ಣು ತುಂಬಿ ಬಂತು. “ನಿನ್ನ ಬಗ್ಗೆ ನನಗ ಎಲ್ಲಾ ಗೊತ್ತೈತಿ ಅನ್ಕೊಂಡ ಕುಂತಿದ್ದೆ, ಗುರು. ಇನ್ನ ಮ್ಯಾಲೆ ದಿನಾ ಕೇಳ್ತೀನಿ.”

“ಏನಂತ?”

“ನಾನಂದ್ರ ನಿನಗ ಇಷ್ಟ ಏನು ಅಂತ.”

ಗುರುಬಸವ ಬ್ಯಾಗು ಕೆಳಗಿಟ್ಟ.

“ಭಾಳ ಇಷ್ಟ ಐತಿ. ಸಿಟ್ಟೂ ಐತಿ,” ಎಂದ, ಮೊದಲ ಸಲ ಮೇಡಂ ಎನ್ನದೆ. “ನಾಳೆ ಮತ್ತ ಕೇಳು, ಕುಮಾರಿ.”