ಖಚಿತವೇ ಎಂದು ಕೇಳದ ಪರದೆ

ಡಾ. ಉಪಾಧ್ಯೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪರದೆಯ ಮೂಲೆಯತ್ತ ಕಣ್ಣು ಹಾಯಿಸಿದರು. ಅಲ್ಲಿದ್ದ ಪತ್ರ ತೆರೆಯಿತು. ಇನ್ನೊಂದು ನೋಟಕ್ಕೆ ಮುಚ್ಚಿತು.

“ಮೌಸ್ ಒಗದ್ ಬಿಡ್ರಿ ಇನ್ನ,” ಎಂದು ನಕ್ಕರು.

ಅದು 2057ರ ಧಾರವಾಡ. ಅವರ ಶೋಧ ‘ಇಂಗಿತ’ ಹೊಸ ಬಗೆಯ ಡೆಸ್ಕ್‌ಟಾಪ್. ಅಂದರೆ ಕಂಪ್ಯೂಟರು ನಮಗೆ ತೋರಿಸುವ ಮುಖ. ಕಣ್ಣು ಎಲ್ಲಿ, ಎಷ್ಟು ಸಲ ನಿಲ್ಲುತ್ತದೆಂದು ಅಳೆದು, ಕೈ ಚಾಚುವ ಮೊದಲೇ ಅದು ಕೆಲಸ ಮುಗಿಸುತ್ತಿತ್ತು. ಆ ಮುಖ ಹೊತ್ತು ಹೊರಡಬೇಕಾಗಿದ್ದುದು ‘ನವಣೆ’: ಲಿನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಅಣಿಗೊಳಿಸಿ ಸ್ವಯಂಸೇವಕರು ನಾನೂರು ಆಸ್ಪತ್ರೆಗಳಿಗೆ ಹಂಚುತ್ತಿದ್ದ ಕಂತೆ. ಇಂಗಿತ ಸಿದ್ಧವಾಗಲೆಂದು ಬಿಡುಗಡೆಯನ್ನು ಆಗಲೇ ಎರಡು ಸಲ ಮುಂದೂಡಿದ್ದರು. ಹಳೆಯ ಆವೃತ್ತಿಗೆ ಭದ್ರತೆಯ ತೇಪೆ ಹಚ್ಚುವುದು ತಿಂಗಳ ಕೊನೆಗೆ ನಿಲ್ಲಲಿತ್ತು.

ಬಿಡುಗಡೆಯ ಹೊಣೆ ಶಾಲ್ಮಲಾಳದು. ಸಭೆಯಲ್ಲಿ ಅವಳ ದನಿ ಏಳುವುದಿಲ್ಲ. ಬೇಡವೆನ್ನಬೇಕಾದದ್ದನ್ನು ಆಮೇಲೆ ಬರೆದು ಕಳಿಸುವಳು. ಆದರೆ ಅಂದು ಬೆಳಿಗ್ಗೆ, ಇಂಗಿತವನ್ನು ಒಂದು ಯಂತ್ರದಲ್ಲಿ ಪರೀಕ್ಷಿಸುತ್ತಿದ್ದ ಡಯಾಲಿಸಿಸ್ ನರ್ಸ್ ಬಿಬಿಜಾನ್ ಅವಳಿಗೆ ಫೋನ್ ಮಾಡಿದ್ದಳು.

“ಅಕ್ಕಾರ, ಪುಣ್ಯಾಕ ಪೇಶಂಟ್ ಇರ್ಲಿಲ್ಲ, ಬರೇ ಸಲೈನ್ ಹಚ್ಚಿದ್ದೆ. ‘ನಿಲ್ಲಿಸು’ ಗುಂಡಿಗೆ ಎಲ್ಲಿ ಕೈ ತಾಗ್ತೈತೋ ಅಂತ ಅದನ್ನ ನೋಡ್ಕೋತ ಕುಂತಿದ್ದೆ. ಮಶೀನ್ ನಿಂತ ಬಿಡ್ತು.”

ಶಾಲ್ಮಲಾ ಧೈರ್ಯ ಮಾಡಿದಳು. “ಸರ್, ಹೆದರಿಕಿ ಆದ್ರೂ ಕಣ್ಣು ಅಲ್ಲೇ ಹೋಗ್ತಾವ. ಈ ಸಲ ಹಳೇ ಡೆಸ್ಕ್‌ಟಾಪ್ ಇಟ್ಟು ಕಳಸೋಣ್ರಿ.”

“ಮತ್ತ ಎಲ್ಲಾಕ್ಕೂ ‘ಖಚಿತವೇ?’ ಅಂತ ಕೇಳೋ ಆ ಡಬ್ಬಿ? ನೂರಕ್ಕ ತೊಂಬತ್ತೊಂಬತ್ತು ಮಂದಿ ಓದದೇ ‘ಹೌದು’ ಒತ್ತತಿದ್ರು. ಅದಕ ತಗದೀನವಾ. ನೀ ನೆರಳಿಗೂ ಅಂಜಾಕಿ.” ಉಪಾಧ್ಯೆ ಊಟಕ್ಕೆ ನಡೆದರು.

ಶಾಲ್ಮಲಾ ತನ್ನ ಮೇಜಿಗೆ ಬಂದಳು. ಹಂಚುವ ಮೊದಲು ಹತ್ತು ದಿನ ತಾವೇ ಬಳಸಬೇಕೆಂಬುದು ತಂಡದ ರೂಢಿ. ಅವಳ ಯಂತ್ರದಲ್ಲೂ ಇಂಗಿತವೇ ಇತ್ತು. ‘ನವಣೆಯನ್ನು ಈಗ ಬಿಡುವುದು ಬೇಡ, ಏಕೆಂದರೆ’ ಎಂದು ಬರೆಯತೊಡಗಿದಳು. ಪದಪದಕ್ಕೂ ಕಣ್ಣು ಮೂಲೆಯ ಹಸಿರು ‘ಬಿಡುಗಡೆ’ ಗುಂಡಿಯತ್ತ ಹೋಗಿ ಅಳುಕಿ ಬರುತ್ತಿತ್ತು. ಹನ್ನೆರಡನೆಯ ಸಲಕ್ಕೆ ಗುಂಡಿ ತಾನಾಗಿ ಒಳಗಿಳಿಯಿತು.

‘ನಿಮ್ಮ ಇಚ್ಛೆಯಂತೆ ನವಣೆ ಹೊರಟಿದೆ.’

ತಲುಪಿದಲ್ಲೆಲ್ಲ ನವಣೆ ತಾನೇ ಸ್ಥಾಪನೆಗೊಳ್ಳುತ್ತ, ಪರದೆಯ ಮೇಲೆ ಎಣಿಕೆ ಏರತೊಡಗಿತು: ಮೂವತ್ತು ಆಸ್ಪತ್ರೆಗಳು. ತೊಂಬತ್ತು. ಇನ್ನೂರ ಹತ್ತು. ಹಿಂದಕ್ಕೆ ಕರೆಯುವ ದಾರಿ ಇರಲಿಲ್ಲ. ಅವಳು ಬಿಬಿಜಾನ್‌ಗೆ ಫೋನ್ ಮಾಡಿದಳು.

“ಸಿಸ್ಟರ್, ಪೇಶಂಟ್ ಅದಾರೇನ್ರಿ?”

“ಎಂಟ್ ಮಂದಿ ಮಲಗ್ಯಾರ. ಯಾಕ್ರಿ?”

“ಪರದೆ ನೋಡಬ್ಯಾಡ್ರಿ! ಕಣ್ಣು ಮುಚ್ಕೊಳ್ರಿ!”

“ನಾ ಕಣ್ಣು ಮುಚ್ಚಿದ್ರ ಇವ್ರನ್ನ ಯಾರ್ ನೋಡ್ಬೇಕ್ರಿ, ಅಕ್ಕಾರ?”

ಶಾಲ್ಮಲಾ ಮತ್ತೆ ಪರದೆಯತ್ತ ತಿರುಗಿದಳು. ಅವಳು ಚಿಕ್ಕವಳಿದ್ದಾಗ ಅವ್ವನ ಪರದೆಯಲ್ಲಿ ‘ಖಚಿತವೇ?’ ಎಂದು ಕೇಳುವ ಆ ಪುಟ್ಟ ಡಬ್ಬಿ ಎದ್ದು ಬರುತ್ತಿತ್ತು. “ತಲಿ ತಿಂತೈತಿ ಇದು” ಎನ್ನುತ್ತ ಅವ್ವ ಓದದೆಯೇ ‘ಹೌದು’ ಒತ್ತುತ್ತಿದ್ದಳು. ಈಗ ಶಾಲ್ಮಲಾ ಪರದೆಯ ನಾಲ್ಕೂ ಮೂಲೆಗಳಲ್ಲಿ ಅದನ್ನೇ ಹುಡುಕಿದಳು. ಅವಳ ಕಣ್ಣು ನಿಂತ ಕಡೆಯೆಲ್ಲ ಏನೋ ಒಂದು ತೆರೆದುಕೊಳ್ಳುತ್ತಿತ್ತು.