ಮೂರನೇ ಮೆಟ್ಟಿಲು ಮುರಿದ ಏಣಿ

ಮುಚ್ಚಿಹೋದ ನೂಲಿನ ಗಿರಣಿಯ ಮೇಲಂತಸ್ತಿನಲ್ಲಿ ಮುದುಕ ಕಾವಲುಗಾರ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲೇ ಕಬ್ಬಿಣದ ಸಲಾಕೆ. ಬೆಳಗಿನ ಚಹಾ ತಂದ ಮಗಳು ಗೇಟಿಗೆ ಹೊರಗಿನಿಂದ ಬೀಗ ಬಿದ್ದಿದ್ದನ್ನು ಕಂಡು ಕರೆದಳು, ಕಾದಳು, ಕೊನೆಗೆ ಕಲ್ಲಿನಿಂದ ಬೀಗ ಒಡೆದಳು. ಆಮೇಲೆ ಅವಳು ಕೂಗಿದ ಕೂಗು ಎರಡು ಬೀದಿ ಆಚೆ, ಲಾಡ್ಜಿನ ಮೂರನೇ ನಂಬರಿನ ಕೋಣೆಯಲ್ಲಿ ಹಲ್ಲುಜ್ಜುತ್ತಿದ್ದ ನನಗೆ ಕೇಳಿಸಿತು. ನಲ್ಲಿ ನಿಲ್ಲಿಸಿದೆ. ಅರಮನೆಗೂ ಹೆಚ್ಚಾಗುವಂಥ ದಪ್ಪ ಹಿತ್ತಾಳೆ ನಲ್ಲಿ. ಮೇಲೆ ಏಳು ಎಂಬ ಅಂಕೆಯ ಅಚ್ಚು.

ನಾನು ಯಾರೆಂದರೆ, ಸೈಕಲ್ಲಿನಲ್ಲಿ ಹಳ್ಳಿಗಾಡು ಸುತ್ತುತ್ತ, ಸಿಕ್ಕ ಊರಿನ ಬೀದಿ, ಕಟ್ಟಡಗಳ ಮುಂದೆ ಕೂತು ಚಿತ್ರ ಬರೆಯುವವನು. ಹನ್ನೊಂದು ದಿನದಲ್ಲಿ ಸಾವಿರ ಮೈಲಿ ತುಳಿದಿದ್ದೆ. ನಕ್ಷೆ ನೋಡಿದವರು ಇನ್ನೂರು ಅನ್ನುತ್ತಾರೆ. ಅವರಿಗೆ ಏರುದಾರಿಯ ಕಷ್ಟ ಗೊತ್ತಿಲ್ಲ. ನಾನು ಗೆರೆ ಎಳೆದರೆ ಸೊಟ್ಟ ಗೋಡೆಯೂ ನಾಚಿ ನೆಟ್ಟಗಾಗುತ್ತದೆ. ನನ್ನದು ಹದ್ದಿನ ಕಣ್ಣು. ಒಂದು ಸಲ ಹದ್ದಿಗೇ ದಾರಿ ತೋರಿಸಿದ್ದೇನೆ. ಈ ಕೊಲೆಯನ್ನು ಪತ್ತೆ ಮಾಡಿದ್ದೂ ನಾನೇ. ಹೇಗೆ ಎಂಬುದನ್ನು ಮಾತ್ರ ಎದೆಯುಬ್ಬಿಸಿ ಹೇಳಲಾಗುವುದಿಲ್ಲ.

ಹಿಂದಿನ ದಿನ ಎರಡರಿಂದ ನಾಲ್ಕರವರೆಗೆ ಆ ಗಿರಣಿಯ ಎದುರು ಕೂತು ಬರೆದಿದ್ದೆ. ಬೂದು ಆಕಾಶ, ಬೂದು ಗೋಡೆ, ಗಾಜಿಲ್ಲದ ಕಿಟಕಿ. ಕೈತೊಳೆಯುವ ಕಟ್ಟೆಯ ಮೇಲೆ ಸಾಲಾಗಿ ಹತ್ತು ಕೊಳವೆ. ಒಂದರಿಂದ ಹತ್ತರವರೆಗೆ ಅಂಕೆಯಿತ್ತು, ಒಂದಕ್ಕೂ ನಲ್ಲಿಯಿರಲಿಲ್ಲ. ಗೋಡೆಯ ಕೆಳಗೆ ಸ್ಟೂಲಿನ ಮೇಲೆ ಮುದುಕ ಕೂತಿದ್ದ.

"ನನ್ನೂ ಬರೀತೀರಾ ಸ್ವಾಮಿ?" ಎಂದಿದ್ದ.

"ನಾಳೆ ಬರೀತೀನಜ್ಜ. ಪೂರ್ತಿ ಒಂದು ಹಾಳೆ ನಿಮಗೇ" ಎಂದಿದ್ದೆ.

*

ಗಿರಣಿಯ ಮುಂದೆ ಇನ್ಸ್‌ಪೆಕ್ಟರ್ ಮೇಡಂ ಮೊದಲು ಹಿಡಿದದ್ದು ನನ್ನನ್ನೇ.

"ಅಂಗಳದ ಕೆಸರಲ್ಲಿ ಸೈಕಲ್ ಚಕ್ರದ ಗುರುತಿದೆ. ನಿಮ್ದಾ?"

"ನಂದೇ ಮೇಡಂ. ಬೇರೆಯವರ ಚಕ್ರ ಅಷ್ಟು ಚೆನ್ನಾಗಿ ಒತ್ತಲ್ಲ."

"ಜಂಬ ಆಮೇಲೆ. ನಾಲ್ಕೂವರೆಯಿಂದ ಐದೂವರೆ ಒಳಗೆ ಕೊಲೆಯಾಗಿದೆ. ಆಗೆಲ್ಲಿದ್ರಿ?"

"ಅಂಚೆ ಕಚೇರೀಲಿ. ಒಂದು ಕಾರ್ಡಿನ ಮೇಲೆ ಪೋಸ್ಟ್‌ಮಾಸ್ಟರ ಮೂಗು ಬರೀತಿದ್ದೆ. ಅವರಿನ್ನೂ ಸಿಟ್ಟಲ್ಲಿದಾರೆ, ಕೇಳಿ ನೋಡಿ."

ಕೇಳಿದರು. ಸಿಟ್ಟು ನಿಜವಾಗಿತ್ತು. ನಾನು ಬಚಾವಾದೆ.

ಅಷ್ಟರಲ್ಲಿ ಲಾಡ್ಜಿನ ಯಜಮಾನ ಕೈ ಹಿಸುಕಿಕೊಳ್ಳುತ್ತ ಮುಂದೆ ಬಂದ.

"ಹೇಳಬಾರ್ದು ಅಂದ್ಕೊಂಡಿದ್ದೆ ಮೇಡಂ. ನಿನ್ನೆ ಐದು ಗಂಟೆಗೆ ಈ ದಾರೀಲೇ ಬಂದೆ. ಮುದುಕನ ಅಳಿಯ, ಅದೇ ಪಂಕ್ಚರ್ ಅಂಗಡಿಯವನು, ಮೇಲಿನ ಕಿಟಕಿಯಿಂದ ಏಣಿ ಇಳೀತಿದ್ದ. ಮೇಲಿಂದ ಮೂರನೇ ಮೆಟ್ಟಿಲು ಮುರಿದಿತ್ತು. ಕಾಲು ಜಾರಿ ಬೀಳೋನು ಸ್ವಲ್ಪದ್ರಲ್ಲಿ ತಪ್ಪಿಸ್ಕೊಂಡ."

ಅಳಿಯನಿಗೂ ಮಾವನಿಗೂ ಮೊನ್ನೆ ಜಗಳವಾಗಿತ್ತು. ಈ ವಯಸ್ಸಿಗೆ ಕಾವಲು ಸಾಕು, ಮನೆಗೆ ಬನ್ನಿ ಎಂದು ಇವನು, ಬರುವುದಿಲ್ಲ ಎಂದು ಅವನು. ಬೀದಿಯೆಲ್ಲ ಕೇಳಿತ್ತು. ನಿನ್ನೆ ಸಂಜೆ ಅಳಿಯ ಅಂಗಡಿಯಲ್ಲಿ ಒಬ್ಬನೇ ಇದ್ದ.

ಮೇಡಂ ನನ್ನ ಚಿತ್ರದ ಪುಸ್ತಕ ಕೇಳಿದರು. ಪುಟ ತಿರುಗಿಸಿದರು. ಗಿರಣಿಯ ಗೋಡೆಗೆ ಓರೆಯಾಗಿ ಒರಗಿದ ಏಣಿ. ಮೂರನೇ ಮೆಟ್ಟಿಲು ಮುರಿದಿತ್ತು.

"ನೋಡಿದ್ದನ್ನಷ್ಟೇ ಬರೀತೀರಿ ತಾನೆ?"

ಸುತ್ತ ಇಡೀ ಊರೇ ನಿಂತಿತ್ತು. ನಾಲಿಗೆ ಅಭ್ಯಾಸಬಲದಿಂದ ಓಡಿತು.

"ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಇಲ್ಲ ಮೇಡಂ."

ಏಣಿ ಈಗ ಅಲ್ಲಿರಲಿಲ್ಲ. ಇಳಿದವನೇ ಹೊತ್ತೊಯ್ದಿರಬೇಕು ಎಂದು ಅಳಿಯನನ್ನು ಜೀಪಿಗೆ ಹತ್ತಿಸಿದರು.

*

ಮಧ್ಯಾಹ್ನ ಲಾಡ್ಜಿನ ಮೆಟ್ಟಿಲ ಬಳಿ ಮುದುಕನ ಮಗಳು ನಿಂತಿದ್ದಳು. ಬೆಳಿಗ್ಗೆ ಅಪ್ಪ, ಹತ್ತು ಗಂಟೆಗೆ ಗಂಡ. ಅಳುವುದಕ್ಕೂ ಅವಳಲ್ಲಿ ಏನೂ ಉಳಿದಿರಲಿಲ್ಲ.

"ಅಣ್ಣಾ, ನಮ್ಮನೇಲಿ ಏಣೀನೇ ಇಲ್ಲ. ಇವರಿಗೆ ಎತ್ತರ ಅಂದ್ರೆ ತಲೆ ಸುತ್ತುತ್ತೆ, ಬಲ್ಬ್ ಹಾಕೋಕೂ ನಾನೇ ಹತ್ತೋದು. ನೀವು ಎಲ್ಲಿ ನೋಡಿದ್ರಿ ಆ ಏಣೀನ?"

ನೇರ ಕೋಣೆಗೆ ಹೋದೆ. ಮುಖಕ್ಕೆ ನೀರು ಹಾಕಿಕೊಳ್ಳಲು ನಲ್ಲಿ ತಿರುಗಿಸಿದೆ. ಅಂಕೆ ಏಳು. ಕೋಣೆ ಮೂರು. ಗಿರಣಿಯಲ್ಲಿ ಬಾಯಿಲ್ಲದ ಹತ್ತು ಕೊಳವೆ.

ಸೈಕಲ್ಲು ಹತ್ತಿ ಠಾಣೆಗೆ ತುಳಿದೆ. ಸಾವಿರ ಮೈಲಿಗಿಂತ ಆ ಅರ್ಧ ಮೈಲಿ ಉದ್ದವಾಗಿತ್ತು.

"ಮೇಡಂ, ಆ ಏಣಿ ಸುಳ್ಳು."

"ಯಾವ ಏಣಿ?"

"ನನ್ನ ಚಿತ್ರದ್ದು. ಗೋಡೆ ಬೋಳಾಗಿ ಕಾಣ್ತಿತ್ತು, ಓರೆಗೆ ಒಂದು ಏಣಿ ಇಟ್ಟೆ. ನೋಡಿದವರು ನಂಬಲಿ ಅಂತ ಒಂದು ಮೆಟ್ಟಿಲು ಮುರಿದೆ. ಗಿರಣೀಲಿ ಏಣಿ ಇರ್ಲೇ ಇಲ್ಲ."

ಅವರು ಪೆನ್ನು ಕೆಳಗಿಟ್ಟರು. "ಬೆಳಿಗ್ಗೆ ಕೂದಲೆಳೆ ಅಂದ್ರಿ?"

"ಅಂದೆ."

"ಅದೇ ಕೂದಲೆಳೇಲಿ ಒಬ್ಬನ್ನ ನೇಣಿಗೆ ಹಾಕ್ತಿದ್ದೆ, ಗೊತ್ತಾ?"

ತಲೆ ತಗ್ಗಿಸಿದೆ. ಆಮೇಲೆ ಉಳಿದದ್ದನ್ನು ಹೇಳಿದೆ. ಎಲ್ಲೂ ಇಲ್ಲದ ಏಣಿಯನ್ನು ಕಂಡವನು ನನ್ನ ಪುಸ್ತಕದಲ್ಲೇ ಕಂಡಿರಬೇಕು. ಲಾಡ್ಜಿನಲ್ಲಿ ನನ್ನ ಬಿಟ್ಟು ಬೇರೆ ಗಿರಾಕಿಯಿಲ್ಲ. ನಿನ್ನೆ ಸಂಜೆ ಊಟದ ಮೇಜಿನಲ್ಲಿ ಪುಸ್ತಕ ತೆರೆದು, ಇದು ಇದ್ದದ್ದು ಇದ್ದ ಹಾಗೆ ಎಂದು ಕೊಚ್ಚಿಕೊಂಡದ್ದು ಯಜಮಾನ ಒಬ್ಬನ ಮುಂದೆ ಮಾತ್ರ. ಪೊಲೀಸರು ಚಿತ್ರ ನೋಡಿಯೇ ನೋಡುತ್ತಾರೆ ಎಂದು ತನ್ನ ಸುಳ್ಳನ್ನು ಅವನು ನನ್ನ ಸುಳ್ಳಿಗೆ ಹೊಂದಿಸಿದ್ದ. ಗಿರಣಿಯ ಏಳನೇ ನಲ್ಲಿ ನನ್ನ ಕೋಣೆಯಲ್ಲಿರುವುದನ್ನೂ ಹೇಳಿದೆ.

"ಏಣಿಯಿಂದ ಇಳಿದವನು ಗೇಟಿಗೆ ಹೊರಗಿಂದ ಯಾಕೆ ಬೀಗ ಹಾಕ್ತಾನೆ?" ಮೇಡಂ ತಮಗೆ ತಾವೇ ಹೇಳಿಕೊಂಡು ಎದ್ದರು.

*

ಯಜಮಾನ ಕೌಂಟರಿನಲ್ಲಿದ್ದ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ.

"ಆ ಏಣಿ ಯಾವ ಬಣ್ಣ ಇತ್ತು ಯಜಮಾನ್ರೇ?"

ನನ್ನ ಚಿತ್ರಕ್ಕೆ ಬಣ್ಣವಿರಲಿಲ್ಲ, ಬರೀ ಮಸಿ.

ಅವನು ಯೋಚಿಸಿದ. ತುಂಬ ಹೊತ್ತು ಯೋಚಿಸಿದ.

"ಕಪ್ಪು" ಎಂದ.

ಹಿತ್ತಲ ಶೆಡ್ಡಿನ ಗೋಣಿಚೀಲದಲ್ಲಿ ಒಂಬತ್ತು ಹಿತ್ತಾಳೆ ನಲ್ಲಿಗಳು ಸಿಕ್ಕವು. ತಳದಲ್ಲಿ ಗಿರಣಿಯ ಬೀಗದ ಕೈ.

"ಕೊಳೀತಾ ಬಿದ್ದಿದ್ದ ಸಾಮಾನು ಮೇಡಂ, ಯಾರಿಗೂ ಬೇಕಿರ್ಲಿಲ್ಲ" ಎಂದು ಅವನು ಕುಸಿದು ಕೂತ. "ಮುದುಕ ಇಲ್ಲಿ ಏಳನೇ ನಲ್ಲಿ ನೋಡ್ಬಿಟ್ಟ. ಠಾಣೆಗೆ ಹೋಗ್ತೀನಿ ಅಂದ. ಬೇಡ ಅಂತ ಹೇಳೋಕೇ ಹೋಗಿದ್ದೆ..."

*

ಸಂಜೆಗೆ ಅಳಿಯ ಠಾಣೆಯಿಂದ ಹೊರಬಂದ. ನನ್ನ ಮುಖ ನೋಡಲಿಲ್ಲ. ಅವನ ಹೆಂಡತಿ ನೋಡಿದಳು.

"ಅಪ್ಪಂದು ಒಂದು ಫೋಟೋನೂ ಇಲ್ಲ ಅಣ್ಣಾ. ನಿನ್ನೆ ಗೋಡೆ ಕೆಳಗೆ ಕೂತಿದ್ರಂತಲ್ಲ, ಚಿತ್ರದಲ್ಲಿ ಇದಾರಾ?"

ಪುಸ್ತಕ ತೆರೆದೆ. ಮುದುಕ ಕೂತಿದ್ದ ಜಾಗದಲ್ಲಿ ಏಣಿಯ ಎರಡು ಕಾಲುಗಳಿದ್ದವು.

ಅಲ್ಲೇ ಜಗಲಿಯ ಮೇಲೆ ಕೂತು ಹೊಸ ಹಾಳೆ ತೆಗೆದೆ. ಸ್ಟೂಲು ಬಂತು. ಮಡಿಲಲ್ಲಿಟ್ಟ ಕೈಗಳು ಬಂದವು. ಅಲ್ಲಿಗೆ ಲೇಖನಿ ನಿಂತಿತು. ಹದ್ದಿನ ಕಣ್ಣಿನವನು ನಾನು. ಎರಡು ತಾಸು ಎದುರಿಗೇ ಕೂತಿದ್ದವನ ಮುಖ ನೆನಪಾಗಲಿಲ್ಲ.

"ಮೂಗು ಹೇಗಿತ್ತಮ್ಮ?" ಎಂದೆ.

ಅವಳು ಹೇಳುತ್ತ ಹೋದಳು. ಅವಳು ಹೇಳಿದಷ್ಟನ್ನೇ ಬರೆದೆ.